ಕೊಟ್ಟ ಹೆಣ್ಣು ಕುಲಕ್ಕೆ ಹೊರಗಲ್ಲ ಎನ್ನುವ ಹಬ್ಬ

ಭಾದ್ರಪದ ಶುದ್ಧ ತದಿಗೆಗೆ ಗೌರಿ, ಮರುದಿನ ಚೌತಿಗೆ ಗಣಪತಿ. ಎರಡನ್ನೂ ಒಂದೇ ಉಸಿರಿನಲ್ಲಿ ‘ಗೌರಿ-ಗಣೇಶ’ ಎಂದು ಕರೆದು ಕರೆದು ಮೊದಲ ದಿನವು ಎರಡನೆಯ ದಿನದ ಸಿದ್ಧತೆ ಎಂಬಂತಾಗಿಬಿಟ್ಟಿದೆ. ಪೆಂಡಾಲು, ದೀಪಾಲಂಕಾರ, ಮೆರವಣಿಗೆ ಎಲ್ಲವೂ ಗಣಪತಿಗೆ; ಗೌರಿಯದು ಮನೆಯೊಳಗೆ ಹೆಂಗಸರಷ್ಟೇ ಮಾಡಿ ಮುಗಿಸುವ ಪೂಜೆ. ಏಕೆ ಮಾಡುತ್ತಾರೆ ಎಂದು ಕೇಳಿದರೆ ಬಹುಪಾಲು ಜನರ ಉತ್ತರ ಒಂದೇ: ಮುತ್ತೈದೆಯರು ಗಂಡನ ಆಯುಸ್ಸಿಗಾಗಿ, ಕನ್ಯೆಯರು ಒಳ್ಳೆಯ ಗಂಡ ಸಿಗಲೆಂದು. ಸಂಕಲ್ಪದ ಮಾತಿನಲ್ಲಿ ಅದು ನಿಜವೇ. ಆದರೆ ಹಬ್ಬವನ್ನು ಸಂಕಲ್ಪದ ಮಾತಿನಿಂದಷ್ಟೇ ಅಳೆಯಲಾಗದು. ಆ ದಿನ ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಯಾರು ಯಾರಿಗೆ ಏನು ಕೊಡುತ್ತಾರೆ, ಯಾರ ದಾರಿಯನ್ನು ಯಾರು ಕಾಯುತ್ತಾರೆ ಎಂದು ನೋಡುತ್ತ ಹೋದರೆ ಎಲ್ಲ ಎಳೆಗಳೂ ಸೇರುವುದು ತವರಿನಲ್ಲಿ. ಮದುವೆಯಾಗಿ ಹೋದ ಮಗಳು ಈಗಲೂ ಹುಟ್ಟಿದ ಮನೆಯವಳೇ ಎಂದು ವರ್ಷಕ್ಕೊಮ್ಮೆ ಎಲ್ಲರೆದುರು ಒಪ್ಪಿಕೊಳ್ಳುವ ಹಬ್ಬ ಇದು. ಇದನ್ನು ಒಪ್ಪಿದ ಮೇಲೆ, ಅವಳ ಆಸ್ತಿಯ ಪಾಲನ್ನು ಒಂದು ಜೊತೆ ಬಾಗಿನದಲ್ಲಿ ತೀರಿಸಿಬಿಡುವುದಾಗಲಿ, ಗಂಡನನ್ನು ಕಳೆದುಕೊಂಡವಳನ್ನು ಬಾಗಿನದಿಂದ ದೂರವಿಡುವುದಾಗಲಿ ಹಬ್ಬಕ್ಕೆ ಮಾಡುವ ದ್ರೋಹ ಎಂದೂ ಒಪ್ಪಬೇಕಾಗುತ್ತದೆ.

ನಮ್ಮ ಜನ ಹೇಳಿಕೊಂಡು ಬಂದಿರುವ ಕತೆ ಸರಳವಾದದ್ದು. ಕೈಲಾಸದಲ್ಲಿರುವ ಗೌರಿ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ. ಮರುದಿನ ಅವಳನ್ನು ಕರೆದೊಯ್ಯಲು ಮಗ ಗಣಪತಿ ಬರುತ್ತಾನೆ. ಭೂಲೋಕವೇ ಅವಳ ತವರು, ಅವಳನ್ನು ಬರಮಾಡಿಕೊಳ್ಳುವ ಪ್ರತಿ ಮನೆಯೂ ಅವಳು ಹುಟ್ಟಿದ ಮನೆ. ಹೀಗಾಗಿ ಅವಳಿಗೆ ಸಲ್ಲುವ ಉಪಚಾರವೆಲ್ಲ ಮನೆಮಗಳಿಗೆ ಸಲ್ಲುವಂಥದ್ದೇ. ಮೂರ್ತಿ ಮನೆಯಿಂದ ಮನೆಗೆ ಬೇರೆಯಾಗಬಹುದು. ಕೆಲವರು ಅರಿಶಿನವನ್ನು ಕಲಸಿ ಕೈಯಲ್ಲೇ ಅರಿಶಿನ ಗೌರಿಯನ್ನು ಮಾಡುತ್ತಾರೆ, ಕೆಲವರು ಬಣ್ಣ ಹಚ್ಚಿದ ಮಣ್ಣಿನ ಗೌರಿಯನ್ನು ತರುತ್ತಾರೆ, ಇನ್ನು ಕೆಲವರು ಕಲಶಕ್ಕೆ ಮುಖವಾಡ ಕಟ್ಟಿ ಸೀರೆ ಉಡಿಸುತ್ತಾರೆ. ಕರಾವಳಿಯ ಗೌಡ ಸಾರಸ್ವತರ ಮನೆಗಳಲ್ಲಿ ಅರಿಶಿನ, ಕುಂಕುಮ, ಕಾಡಿಗೆ ಹಚ್ಚಿದ ತೆಂಗಿನಕಾಯಿಯೇ ಗೌರಿ. ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಮಾಡಾಳಿನಲ್ಲಿ ಗೌರಮ್ಮನನ್ನು ಊರಿಗೆ ಊರೇ ಸೇರಿ ಕೂರಿಸುತ್ತದೆ. ಹರಕೆ ಹೊತ್ತವರು ಅಲ್ಲಿಗೆ ಬಂದು ಕರ್ಪೂರ ಉರಿಸುತ್ತಾರೆ. ರೂಪ ಯಾವುದಾದರೂ ಬೀಳ್ಕೊಡುವ ಬಗೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಹೊರಡುವ ಮಗಳಿಗೆ ಮಾಡುವಂತೆಯೇ ಮಡಿಲು ತುಂಬಿ, ದಾರಿಯ ಬುತ್ತಿಗೆಂದು ಮೊಸರನ್ನ ಕಟ್ಟಿ ಗೌರಿಯನ್ನು ಕಳಿಸಿಕೊಡುತ್ತಾರೆ. ಬೇರೆ ದೇವತೆಗಳನ್ನು ಕಳಿಸುವಾಗ ಬುತ್ತಿಯ ಯೋಚನೆ ನಮಗೆ ಸುಲಭವಾಗಿ ಬರುವುದಿಲ್ಲ; ಮಗಳನ್ನು ಕಳಿಸುವಾಗ ಬರುತ್ತದೆ.

ಹಬ್ಬದ ಬೆನ್ನೆಲುಬು ಮೊರದ ಬಾಗಿನ. ಮೇದರು ಬಿದಿರಿನಲ್ಲಿ ಹೆಣೆದ ಎರಡು ಮೊರಗಳನ್ನು ತಂದು, ತೊಳೆದು, ಅರಿಶಿನ ಬಳಿದು ಒಣಗಿಸುತ್ತಾರೆ. ಒಂದರೊಳಗೆ ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದಿನಬೇಳೆ, ರವೆ, ಅಚ್ಚು ಬೆಲ್ಲ, ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ, ಅಡಿಕೆ. ಜೊತೆಗೆ ಅರಿಶಿನ, ಕುಂಕುಮ, ಕಾಡಿಗೆ, ಬಳೆ, ಕರಿಮಣಿ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ. ಇನ್ನೊಂದು ಮೊರವನ್ನು ಮೇಲೆ ಮುಚ್ಚಿ, ಸೆರಗಿನ ಮರೆಯಲ್ಲಿ ಹಿಡಿದು ಕೊಡುತ್ತಾರೆ. ಪಡೆಯುವವಳೂ ಸೆರಗಿನಲ್ಲೇ ಪಡೆಯುತ್ತಾಳೆ. ಕೆಲವು ಮನೆಗಳಲ್ಲಿ ಐದು ಬಾಗಿನ, ಹೊಸದಾಗಿ ಮದುವೆಯಾದವಳಿದ್ದರೆ ಕೆಲವೆಡೆ ಹದಿನಾರು. ಕೈಗೆ ಕಟ್ಟಿಕೊಳ್ಳುವ ಗೌರಿ ದಾರಕ್ಕೂ ಹದಿನಾರು ಗಂಟು. ಈ ಬಾಗಿನಗಳಲ್ಲಿ ಒಂದು ದೇವಿಗಾದರೆ ಒಂದು ಹೆತ್ತ ತಾಯಿಗೆ. ಇಲ್ಲಿ ಗಮನಿಸಬೇಕಾದದ್ದು ಬಾಗಿನ ಹೋಗುವ ದಿಕ್ಕು. ಬಾಗಿನ ತವರಿನಿಂದ ಮಗಳಿಗೆ ಇಳಿದು ಬರುವ ಕೊಡುಗೆಯಷ್ಟೇ ಆಗಿದ್ದರೆ ಅದನ್ನು ಕರುಣೆಯೆಂದು ಕರೆಯಬಹುದಿತ್ತು. ಮಗಳೇ ತಾಯಿಗೆ ಬಾಗಿನ ಕೊಡುತ್ತಾಳೆ, ತವರು ಮಗಳಿಗೆ ಸೀರೆಯನ್ನೋ ಹಣವನ್ನೋ ಕೊಡುತ್ತದೆ. ಕೊಡುವ ಕೈಯೂ ಪಡೆಯುವ ಕೈಯೂ ಎರಡೂ ಕಡೆ ಇವೆ. ಹೀಗೆ ಕೊಟ್ಟು ತೆಗೆದುಕೊಳ್ಳುವುದು ಸಂಬಂಧಿಕರು. ದಾನಿಯೂ ಬೇಡುವವರೂ ಅಲ್ಲ. ತುಂಬಿದ ಕನ್ನಂಬಾಡಿ ಕಟ್ಟೆಯಲ್ಲಿ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಅರ್ಪಿಸುವಾಗ ನಾಡು ಬಳಸಿಕೊಳ್ಳುವುದೂ ಇದೇ ಮೊರದ ಭಾಷೆಯನ್ನು: ನೀನು ನಮ್ಮವಳು, ನಿನ್ನ ಋಣ ನಮಗಿದೆ.

ತವರು ಕಳಿಸುವ ಹಣಕ್ಕೆ ಹಳೆ ಮೈಸೂರಿನ ಕಡೆ ಮಂಗಳದ್ರವ್ಯ ಎನ್ನುತ್ತಾರೆ. ಮಗಳು ಬರಲಾಗದಿದ್ದರೆ ಅಪ್ಪ ಅಥವಾ ಅಣ್ಣತಮ್ಮಂದಿರು ಹಬ್ಬಕ್ಕೆ ಮುಂಚೆಯೇ ಮನಿಯಾರ್ಡರ್ ಮಾಡುತ್ತಿದ್ದರು. ಈಗ ಅದು ಫೋನಿನಿಂದಲೇ ಹೋಗುತ್ತದೆ. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಬರುವುದು ತಪ್ಪಬಾರದು. ತಪ್ಪಿದರೆ ಅದರಿಂದ ಆಗುವ ನೋವು ಹಣದ ಕೊರತೆಯದಲ್ಲ. ಮನೆಯಲ್ಲಿ ತನ್ನನ್ನು ನೆನೆಯುವವರಿಲ್ಲವೇ ಎಂಬ ಪ್ರಶ್ನೆ ಅದರ ಹಿಂದೆ ಇರುತ್ತದೆ. ತಂದೆತಾಯಿ ತೀರಿಕೊಂಡ ಮೇಲೂ ಈ ಹೊಣೆ ಮುಗಿಯುವುದಿಲ್ಲ. ಅಣ್ಣತಮ್ಮಂದಿರಿಗೆ, ಕೆಲವು ಮನೆಗಳಲ್ಲಿ ಅವರ ಮಕ್ಕಳಿಗೂ ದಾಟುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಗಳಿಗೂ, ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿರುವವಳಿಗೂ ಗೌರಿ ಹಬ್ಬದ ಬೆಳಿಗ್ಗೆ ತವರಿನಿಂದ ಒಂದು ಕರೆ ಬಂದೇ ಬರುತ್ತದೆ ಎಂಬ ನಿರೀಕ್ಷೆ ಇರುವುದು ಈ ಹೊಣೆ ತಲೆಮಾರು ದಾಟಿ ಉಳಿದಿರುವುದರಿಂದ. ಗಂಡನ ಆಯುಸ್ಸೊಂದೇ ಹಬ್ಬದ ಉದ್ದೇಶವಾಗಿದ್ದರೆ ಅಣ್ಣತಮ್ಮಂದಿರಿಗೆ ಇದರಲ್ಲಿ ಇಷ್ಟು ದೊಡ್ಡ ಪಾತ್ರ ಸಿಗುತ್ತಿರಲಿಲ್ಲ.

ಇದು ಹಳೆ ಮೈಸೂರಿನ ಒಂದು ಹಬ್ಬದ ವಿಶೇಷವಷ್ಟೇ ಎನ್ನುವವರು ಉತ್ತರ ಕರ್ನಾಟಕದ ಕಡೆ ನೋಡಬೇಕು. ಅಲ್ಲಿ ಮಗಳು ತವರಿಗೆ ಬರುವ ಹಬ್ಬ ಶ್ರಾವಣದ ನಾಗರಪಂಚಮಿ. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು. ತವರಿನ ಮರಕ್ಕೆ ಜೋಕಾಲಿ ಕಟ್ಟಬೇಕು. ಅಳ್ಳು, ತಂಬಿಟ್ಟು, ಬಗೆಬಗೆಯ ಉಂಡಿ ಕಾಯುತ್ತಿರಬೇಕು. ತುಳುನಾಡಿನಲ್ಲಿ ಹೊಸದಾಗಿ ಮದುವೆಯಾದವಳು ಆಟಿ ತಿಂಗಳಲ್ಲಿ ತಾಯಿಮನೆಗೆ ಬಂದು ಇರುತ್ತಾಳೆ. ಧಾರವಾಡ, ಗದಗ, ಹಾವೇರಿಯ ಕಡೆ ಕಾರ್ತಿಕದ ಗೌರಿ ಹುಣ್ಣಿಮೆಯೂ ಇದೆ. ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಮಾಡಿದ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹುಡುಗಿಯರು ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಯಿದ್ದರೆ ಗಂಡಿನ ಕಡೆಯವರೇ ಸೀರೆ, ಸಕ್ಕರೆ ಆರತಿ ತರುತ್ತಾರೆ. ಈ ಕೊನೆಯ ಪದ್ಧತಿ ನನ್ನ ವಾದಕ್ಕೆ ಎದುರಾಗಿ ನಿಲ್ಲುತ್ತದೆ ಎನಿಸಬಹುದು, ಏಕೆಂದರೆ ಇಲ್ಲಿ ಕೊಡುವವರು ಅತ್ತೆಮನೆಯವರು. ಆದರೆ ಹುಡುಗಿ ಇನ್ನೂ ತವರಿನಲ್ಲೇ ಇದ್ದಾಳೆ; ಅವಳನ್ನು ಕೇಳಿ ಬಂದವರು ಅವಳ ಮನೆಯ ಹೊಸ್ತಿಲಿಗೆ ಕಾಣಿಕೆ ಹಿಡಿದು ಬರುತ್ತಾರೆ. ಒಂದೊಂದು ಸೀಮೆಯಲ್ಲಿ ಒಂದೊಂದು ತಿಥಿ, ಒಂದೊಂದು ತಿಂಡಿ. ಆದರೆ ಮಗಳನ್ನು ಕರೆಸಿಕೊಳ್ಳಲು ಒಂದು ದಿನವನ್ನು ಮೀಸಲಿಡದ ಸೀಮೆಯನ್ನು ನಮ್ಮಲ್ಲಿ ಹುಡುಕುವುದು ಕಷ್ಟ.

ಕರ್ನಾಟಕದ ಗಡಿ ದಾಟಿದರೂ ಇದೇ ಮಾದರಿ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಗಣಪತಿ ಬಂದು ಕೆಲವು ದಿನಗಳಿಗೆ ಗೌರಿ ಬರುತ್ತಾಳೆ: ಅನುರಾಧಾ ನಕ್ಷತ್ರದಂದು ಆವಾಹನೆ, ಜ್ಯೇಷ್ಠಾದಂದು ಪೂಜೆ, ಮೂಲಾದಂದು ವಿಸರ್ಜನೆ. ಹೊಸ್ತಿಲಿನಿಂದ ಒಳಗಿನವರೆಗೆ ರಂಗೋಲಿಯ ಪುಟ್ಟ ಹೆಜ್ಜೆಗಳನ್ನು ಬರೆದು ಅವಳನ್ನು ತವರಿಗೆ ಬಂದ ಮಗಳೆಂದೇ ಬರಮಾಡಿಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ನೀರಿನ ದಡದಿಂದ ಆರಿಸಿ ತಂದ ಕಲ್ಲುಗಳೇ ಗೌರಿ, ಕೆಲವೆಡೆ ಕರ್ಣಕುಂಡಲದ ಗಿಡ. ಬಂಗಾಳದಲ್ಲಿ ದುರ್ಗೆ ಶರತ್ಕಾಲದಲ್ಲಿ ಮಕ್ಕಳೊಡನೆ ತಾಯಿಮನೆಗೆ ಬರುವ ಉಮೆ. ಬಿಹಾರ, ಉತ್ತರ ಪ್ರದೇಶ, ನೇಪಾಳಗಳಲ್ಲಿ ನಮ್ಮ ಗೌರಿಯ ದಿನವೇ ಹರತಾಲಿಕಾ ತೀಜ್. ನೀರೂ ಮುಟ್ಟದ ಕಠಿಣ ಉಪವಾಸ. ಅಲ್ಲಿ ಗಂಡನ ಆಯುಸ್ಸಿನ ಮಾತು ಬಲವಾಗಿಯೇ ಇದೆ. ಆದರೂ ನೇಪಾಳದಲ್ಲಿ ಹೆಣ್ಣುಮಕ್ಕಳು ತೀಜಿಗೆ ತವರಿಗೆ ಹೋಗುತ್ತಾರೆ, ಉಪವಾಸದ ಹಿಂದಿನ ರಾತ್ರಿ ತವರಿನ ಊಟ ಮಾಡುತ್ತಾರೆ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ಕುರಿತ ಗ್ರಂಥದಲ್ಲಿ ಉತ್ತರ ಮತ್ತು ದಕ್ಷಿಣದ ನಡುವಿನ ಒಂದು ದೊಡ್ಡ ವ್ಯತ್ಯಾಸವನ್ನು ತೋರಿಸಿದರು. ಉತ್ತರದಲ್ಲಿ ಹೆಣ್ಣನ್ನು ಪರಿಚಯವಿಲ್ಲದ ದೂರದ ಊರಿಗೆ ಕೊಡುವುದು ರೂಢಿ. ದಕ್ಷಿಣದಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಬಂಧುಗಳೊಳಗೇ ಇರಿಸಿಕೊಳ್ಳುವುದೂ ಉಂಟು. ಇಷ್ಟು ಬೇರೆಯಾದ ಎರಡು ವ್ಯವಸ್ಥೆಗಳಲ್ಲೂ ಗೌರಿ ತವರಿಗೆ ಬರುತ್ತಾಳೆ ಎಂದರೆ, ಮಗಳ ನಂಟು ಕಡಿಯಬಾರದು ಎಂಬ ಹಂಬಲ ಆ ವ್ಯವಸ್ಥೆಗಳಿಗಿಂತಲೂ ಆಳವಾದದ್ದು.

ಇದಕ್ಕೆ ಮೊದಲ ಆಕ್ಷೇಪ ಬರುವುದು ವ್ರತದ ಪುಸ್ತಕದಿಂದ. ಪೂಜೆ ಗೌರೀಶಂಕರರಿಗೆ, ಮಂತ್ರ ಸೌಭಾಗ್ಯಕ್ಕೆ, ಫಲ ಮಾಂಗಲ್ಯಕ್ಕೆ. ತವರು ಬರಿಯ ಲೌಕಿಕ ಸಂಭ್ರಮ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಬೇಕಿಲ್ಲ. ಸೌಭಾಗ್ಯವನ್ನು ಬೇಡುವ ಹೆಣ್ಣುಮಕ್ಕಳ ಭಕ್ತಿ ನಿಜವಾದದ್ದು, ಅದಕ್ಕೆ ಗೌರವ ಸಲ್ಲಬೇಕು. ಆದರೆ ಇದೇ ತದಿಗೆಗೆ ಹೇಳುವ ಹರತಾಲಿಕೆಯ ಕತೆಯನ್ನೇ ತೆಗೆದುಕೊಳ್ಳೋಣ. ಹಿಮವಂತ ಮಗಳನ್ನು ವಿಷ್ಣುವಿಗೆ ಕೊಡಲು ಒಪ್ಪುತ್ತಾನೆ. ಮಗಳ ಮನಸ್ಸು ಶಿವನಲ್ಲಿದೆ. ಅವಳ ದುಃಖ ಕಂಡ ಗೆಳತಿ ಅವಳನ್ನು ಕಾಡಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಪಾರ್ವತಿ ಮರಳಿನ ಲಿಂಗ ಮಾಡಿ ತಪಸ್ಸಿಗೆ ಕೂರುತ್ತಾಳೆ. ಹುಡುಕಿಕೊಂಡು ಬಂದ ತಂದೆ ಕೊನೆಗೆ ಮಗಳ ಇಚ್ಛೆಗೆ ಒಪ್ಪುತ್ತಾನೆ. ಗಂಡನ ಸೇವೆಗಿಂತ ಮೊದಲು ಈ ಕತೆಯಲ್ಲಿರುವುದು ಮಗಳ ನಿರ್ಧಾರ, ಗೆಳತಿಯ ಬೆಂಬಲ, ತಂದೆ ಮನಸ್ಸು ಬದಲಿಸಿದ ಸಂಗತಿ. ಮಾತು ಮೀರಿದ ಮಗಳನ್ನು ಹಿಮವಂತ ಹೊರಗೆ ಹಾಕಲಿಲ್ಲ. ಅವಳು ಆರಿಸಿದವನಿಗೇ ಧಾರೆ ಎರೆದುಕೊಟ್ಟ. ತವರು ಹೇಗಿರಬೇಕೆಂಬ ಪಾಠ ಶಾಸ್ತ್ರದ ಕತೆಯೊಳಗೇ ಇರುವಾಗ ಶಾಸ್ತ್ರವನ್ನೂ ತವರನ್ನೂ ಎದುರುಬದುರು ನಿಲ್ಲಿಸಬೇಕಾದ ಕಾರಣವಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಇರುವುದೂ ನಮ್ಮಲ್ಲೇ. ವರ್ಷವೆಲ್ಲ ಹೊರಗಿಟ್ಟು ಒಂದು ದಿನ ಸೀರೆ ಕೊಟ್ಟು ಸಮಾಧಾನ ಮಾಡುವುದೇ ಈ ಹಬ್ಬ, ಮನೆ-ಹೊಲಗಳೆಲ್ಲ ಗಂಡುಮಕ್ಕಳ ಪಾಲಾದ ಮೇಲೆ ಉಳಿದ ಮೊರವಷ್ಟೇ ಹೆಣ್ಣಿನದು ಎಂದು ವಾದಿಸುವವರಿದ್ದಾರೆ. ಇದರಲ್ಲಿ ಸತ್ಯವಿದೆ, ಅದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಕರ್ನಾಟಕದ ನೆಲದಲ್ಲೇ ಬರೆಯಲ್ಪಟ್ಟಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಸಿದ್ಧಾಂತ ಭಾರತದ ಬಹುಭಾಗದ ಹಿಂದೂ ಕಾನೂನಿಗೆ ಆಧಾರವಾಯಿತು. ಮಗಳು ಆ ಹಕ್ಕಿನ ಹೊರಗೆ ಉಳಿದಳು. ಆದರೆ ಅದೇ ಗ್ರಂಥ ಸ್ತ್ರೀಧನದ ವಿಷಯದಲ್ಲಿ ಅಚ್ಚರಿಪಡುವಷ್ಟು ಉದಾರಿ. ಮದುವೆಯಲ್ಲಿ ಬಂದ ಉಡುಗೊರೆಗಳಷ್ಟೇ ಅಲ್ಲ, ಹೆಣ್ಣಿಗೆ ವಾರಸಿನಿಂದ, ಖರೀದಿಯಿಂದ, ವಿಭಾಗದಿಂದ ಬಂದದ್ದನ್ನೂ ಅದು ಸ್ತ್ರೀಧನವೆಂದೇ ಎಣಿಸಿತು. ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್ ಈ ಅಗಲವಾದ ಅರ್ಥವನ್ನು ಒಪ್ಪಲಿಲ್ಲ. ಅಂದರೆ ನಮ್ಮ ಪರಂಪರೆಯಲ್ಲಿ ಮಗಳನ್ನು ಹೊರಗಿಡುವ ದನಿಯೂ ಇತ್ತು, ಅವಳದನ್ನು ಅವಳದೆಂದು ಒಪ್ಪುವ ದನಿಯೂ ಇತ್ತು. ಗೌರಿ ಹಬ್ಬ ಈ ಎರಡನೆಯ ದನಿಗೆ ಸೇರಿದ್ದು.

ಕಾನೂನು ನಿಧಾನವಾಗಿ ಆ ದನಿಯ ಕಡೆಗೇ ನಡೆದುಬಂದಿದೆ. 1933ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯ ಮೂಲಕ ವಿಧವೆಯರಿಗೆ, ತಾಯಂದಿರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ವಿಭಾಗದಲ್ಲಿ ಪಾಲು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮನಾದ ವಾರಸುದಾರಳನ್ನಾಗಿ ಮಾಡಿತು, ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕನ್ನು ಕೊಡಲಿಲ್ಲ. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಆ ಹಕ್ಕು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾಗಿ ಹೋಗಿದ್ದವರನ್ನು ಹೊರಗಿಟ್ಟಿತು. ಗಾದೆಯ ನೆರಳು ಕಾಯ್ದೆಯ ಮೇಲೂ ಬಿದ್ದಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದಲೇ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮದುವೆಯಿಂದ ಮಗಳತನ ಮುಗಿಯುವುದಿಲ್ಲ ಎಂದು ಅರಿಶಿನ ಬಳಿದ ಮೊರಗಳು ವರ್ಷವರ್ಷವೂ ಸಾರುತ್ತಿದ್ದ ಮಾತನ್ನು ನ್ಯಾಯಾಲಯ ಕಾನೂನಿನ ಭಾಷೆಯಲ್ಲಿ ಹೇಳಿದೆ. ಉತ್ತರ ಕರ್ನಾಟಕದ ಕಡೆ ಹೆಣ್ಣುಮಕ್ಕಳಿಗೆ ಅರಿಶಿನ-ಕುಂಕುಮಕ್ಕೆಂದು ಹೊಲ ಬರೆದುಕೊಡುವ ಹಳೆಯ ಪದ್ಧತಿಯೂ ಇತ್ತು. ಬಾಗಿನ ಮತ್ತು ಭೂಮಿ ಎರಡೂ ಒಂದೇ ನಂಟಿನ ಎರಡು ರೂಪಗಳೆಂಬುದು ಹಿಂದಿನವರಿಗೂ ಗೊತ್ತಿತ್ತು.

ಆದರೂ ಇಂದಿಗೂ ಎಷ್ಟೋ ಹೆಣ್ಣುಮಕ್ಕಳು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಅವರಿಗೆ ಹೇಳುವ ಕಾರಣಗಳಲ್ಲಿ ಮುಖ್ಯವಾದದ್ದು ತವರೇ. ಪಾಲು ಕೇಳಿದರೆ ಅಣ್ಣತಮ್ಮಂದಿರ ಮನಸ್ಸು ಮುರಿಯುತ್ತದೆ, ಹಬ್ಬಕ್ಕೆ ಕರೆಯುವವರು ಇರುವುದಿಲ್ಲ, ಮದುವೆಗೆ ಖರ್ಚು ಮಾಡಿದ್ದೇ ಪಾಲು ಎಂದುಕೋ ಎನ್ನುತ್ತಾರೆ. ಈ ಭಯ ಹುಸಿಯಲ್ಲ. ಪಾಲಿನ ಮೊಕದ್ದಮೆ ಹೂಡಿದ ಮೇಲೆ ಮಾತು ನಿಂತ ಮನೆಗಳು ಊರೂರಲ್ಲಿವೆ. ತಾನಾಗಿ, ತಿಳಿದು, ಪ್ರೀತಿಯಿಂದ ಪಾಲು ಬಿಟ್ಟುಕೊಡುವವಳ ಸ್ವಾತಂತ್ರ್ಯವನ್ನೂ ಯಾರೂ ಪ್ರಶ್ನಿಸಬೇಕಿಲ್ಲ. ಪ್ರಶ್ನೆ ಇರುವುದು ಬಿಟ್ಟುಕೊಡದಿದ್ದರೆ ಬಾಗಿಲು ಮುಚ್ಚುತ್ತೇವೆ ಎಂಬ ಷರತ್ತಿನಲ್ಲಿ. ಷರತ್ತಿನ ಮೇಲೆ ಬರುವ ಬಾಗಿನ ಪ್ರೀತಿಯ ಗುರುತಾಗಿ ಉಳಿಯುವುದಿಲ್ಲ, ಸಹಿಗೆ ಕೊಟ್ಟ ಬೆಲೆಯಾಗುತ್ತದೆ. ಮದುವೆಯ ಖರ್ಚಿನ ಮಾತೂ ನಿಲ್ಲದು. ಮಗನ ಓದು, ಮದುವೆಗೆ ಮಾಡಿದ ಖರ್ಚನ್ನು ಅವನ ಪಾಲಿನಿಂದ ಕಳೆಯುವ ಮನೆಗಳು ಅಪರೂಪ. ಮಗಳ ಲೆಕ್ಕ ಮಾತ್ರ ಬೇರೆಯಾಗಲು ಕಾರಣವೇನು? ತವರಿನ ಪ್ರೀತಿಯನ್ನು ನಿಜಕ್ಕೂ ಕಾಪಾಡಬೇಕೆನ್ನುವ ಅಣ್ಣನಿಗೆ ಇರುವ ದಾರಿ ಒಂದೇ. ತಂಗಿ ಕೇಳುವ ಮೊದಲೇ, ಅವಳನ್ನು ಕೂರಿಸಿಕೊಂಡು, ಆಸ್ತಿಯ ಕಾಗದಗಳನ್ನು ತೆರೆದಿಟ್ಟು ಮಾತಾಡುವುದು. ಕೇಳಿಸಿಕೊಂಡು ಕೊಡುವುದಕ್ಕಿಂತ ಕರೆದು ಕೊಡುವುದು ನಂಟನ್ನು ಹೆಚ್ಚು ಉಳಿಸುತ್ತದೆ.

ಹಬ್ಬದ ಒಳಗೇ ಇರುವ ಇನ್ನೊಂದು ಗಾಯ ವಿಧವೆಯರನ್ನು ದೂರವಿಡುವ ಪದ್ಧತಿ. ಹಿಂದಿನ ವರ್ಷ ಬಾಗಿನ ಹಿಡಿದು ತವರಿಗೆ ಬಂದವಳು ಗಂಡ ತೀರಿಕೊಂಡ ವರ್ಷದಿಂದ ಒಳಕೋಣೆಗೆ ಸೇರಬೇಕು. ಬಾಗಿನ ಮುತ್ತೈದೆಯರದು, ಶಾಸ್ತ್ರ ಮೀರಬಾರದು ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ಗೌರಿ ಬರುವುದು ಮಗಳಾಗಿ ಎಂದು ನಂಬುವ ಮನೆಗೆ ಈ ಸಮರ್ಥನೆ ಒಪ್ಪಲು ಕಷ್ಟವಾಗಬೇಕು. ಅಳಿಯ ತೀರಿಕೊಂಡರೆ ಮಗಳು ಮಗಳಾಗಿರುವುದು ನಿಲ್ಲುತ್ತದೆಯೇ? ತವರಿನ ಆಸರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಆಗಲೇ. ಶಾಸ್ತ್ರವೆಂದುಕೊಂಡದ್ದು ಬದಲಾಗಬಲ್ಲದು ಎಂಬುದಕ್ಕೆ ನಮ್ಮ ಹತ್ತಿರದಲ್ಲೇ ಉದಾಹರಣೆಗಳಿವೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು. ನಮ್ಮ ಗಡಿಗೆ ಅಂಟಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರಲ್ಲಿ, ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಸುವ ಪದ್ಧತಿಗಳನ್ನು ನಿಲ್ಲಿಸಲು ನಿರ್ಣಯ ಮಾಡಿತು. ದೇವಸ್ಥಾನ ಮಾಡಬಹುದಾದದ್ದನ್ನು, ಒಂದು ಹಳ್ಳಿ ಮಾಡಬಹುದಾದದ್ದನ್ನು ಒಂದು ಮನೆ ಮಾಡಲಾಗದೇ? ಅಕ್ಕಿ, ಬೇಳೆ, ಬೆಲ್ಲ, ಕನ್ನಡಿ, ರವಿಕೆ ಕಣ ಇವುಗಳಲ್ಲಿ ಯಾವುದೂ ಅವಳಿಗೆ ಸಲ್ಲದ ವಸ್ತುವಲ್ಲ. ಅರಿಶಿನ, ಕುಂಕುಮ, ಬಳೆ ಮದುವೆಗೆ ಮುಂಚೆಯೂ ಅವಳವೇ ಆಗಿದ್ದವು.

ಬಾಗಿನ ಹೊರೆಯಾಗುತ್ತಿದೆ ಎಂಬ ದೂರಿಗೂ ಉತ್ತರ ಇಲ್ಲೇ ಇದೆ. ರೇಷ್ಮೆ ಸೀರೆ, ಬೆಳ್ಳಿ ತಟ್ಟೆ, ಅತ್ತೆಮನೆಯವರ ಎದುರು ತಲೆ ಎತ್ತಬೇಕೆಂಬ ಒತ್ತಡ ಸೇರಿಕೊಂಡು ಎಷ್ಟೋ ಬಡ ತವರುಗಳು ಹಬ್ಬಕ್ಕೇ ಹೆದರುವಂತಾಗಿದೆ. ಪೇಟೆಯಲ್ಲಿ ಪ್ಲಾಸ್ಟಿಕ್ ಮೊರಗಳು ಬಂದು ಮೇದರ ವರ್ಷದ ಸಂಪಾದನೆಗೂ ಕಲ್ಲು ಬಿದ್ದಿದೆ. ಮೊರದೊಳಗಿನ ಸಾಮಾನಿನ ಪಟ್ಟಿಯನ್ನೇ ಮತ್ತೊಮ್ಮೆ ನೋಡಿದರೆ ಇದು ಮೂಲದ ಆಶಯವಲ್ಲವೆಂದು ತಿಳಿಯುತ್ತದೆ: ಅದರಲ್ಲಿರುವುದು ಬಡವರ ಮನೆಯಲ್ಲೂ ಇರುವ ಧಾನ್ಯ, ಬೆಲ್ಲ, ಬಳೆ, ಬಾಚಣಿಗೆ. ಬಿದಿರಿನ ಮೊರ, ಹಿಡಿ ಹಿಡಿ ಧಾನ್ಯ, ಒಂದು ರವಿಕೆ ಕಣ ಇಷ್ಟರಲ್ಲಿ ಹಬ್ಬ ಪೂರ್ತಿಯಾಗುತ್ತದೆ. ಬೆಲೆಬಾಳುವುದನ್ನು ಕೊಡಬೇಕೆಂದಿದ್ದರೆ ಅದಕ್ಕೆ ತಕ್ಕ ಜಾಗ ಪಾಲುಪತ್ರ. ಹಬ್ಬಕ್ಕೆ ಸರಳ ಬಾಗಿನ, ಆಸ್ತಿಯಲ್ಲಿ ಸರಿಪಾಲು, ಗಂಡ ಇದ್ದವಳಿಗೂ ಇಲ್ಲದವಳಿಗೂ ಒಂದೇ ಮರ್ಯಾದೆ: ಈ ಮೂರನ್ನು ನಡೆಸುವ ಮನೆ ಸಂಪ್ರದಾಯವನ್ನು ಮುರಿದಂತಾಗುವುದಿಲ್ಲ. ಮಗಳು ನಮ್ಮವಳೆಂದು ಹಬ್ಬದಲ್ಲಿ ಹೇಳಿದ್ದನ್ನು ಉಳಿದ ದಿನಗಳಲ್ಲೂ ನಡೆಸಿಕೊಟ್ಟಂತಾಗುತ್ತದೆ. ಸಂಪ್ರದಾಯವನ್ನು ಪ್ರೀತಿಸುವವರಿಂದ ಅಷ್ಟನ್ನು ನಿರೀಕ್ಷಿಸುವುದು ಹೆಚ್ಚೇನಲ್ಲ.